ಒಂದು ಕುರಿ, ಎರಡು ಹಟ್ಟಿ

ಈ ಸೃಷ್ಟಿಯಲ್ಲಿ ಯಾವುದೂ ಪೂರ್ತಿ ನಾಶವಾಗುವುದಿಲ್ಲ, ಇದ್ದದ್ದು ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ ಅಷ್ಟೇ ಎಂದು ಬಲ್ಲವರು ಹೇಳುತ್ತಾರೆ. ಬಲ್ಲವರ ಕೈಗೆ ಯಾರೂ ಮೌಸು ಕೊಟ್ಟಿರಲಿಲ್ಲವೆಂದು ತೋರುತ್ತದೆ.

ಮಹಾರಾಷ್ಟ್ರದ ಗಡಿಯೊಳಗಿರುವ ನಮ್ಮ ಕನ್ನಡ ಶಾಲೆಯ ಗಣಿತದ ಮಾಸ್ತರರು ಕಳೆದ ಶ್ರಾವಣದಲ್ಲಿ ತೀರಿಕೊಂಡರು. ನಿವೃತ್ತರಾಗಿ ಬಹಳ ದಿನವಾಗಿರಲಿಲ್ಲ. ಶಾಲೆಯ ಅಂಗಳದಲ್ಲಿ ಶೋಕಸಭೆ ನಡೆಯಿತು. ಜತ್ತದಿಂದ ಬಂದ ಸಾಹೇಬರು ಮರಾಠಿಯಲ್ಲಿಯೂ, ಊರಿನವರು ಕನ್ನಡದಲ್ಲಿಯೂ, ಮುಖ್ಯಾಧ್ಯಾಪಕರು ಎರಡರಲ್ಲಿಯೂ ಅವರನ್ನು ಹೊಗಳಿದರು. ಶಿಸ್ತು, ಸರಳತೆ, ಸಮಯಪಾಲನೆ – ಇವು ಸತ್ತವರಿಗೆಲ್ಲ ಒಂದೇ ಅಳತೆಯಲ್ಲಿ ಹೊಲಿಸಿಟ್ಟ ಅಂಗಿಗಳು. ಅವರಿಗೂ ಸರಿಯಾಗಿ ಕೂತವು. ಕುರಿಗಳ ಸುದ್ದಿಯನ್ನು ಮಾತ್ರ ಯಾರೂ ಎತ್ತಲಿಲ್ಲ. ಕಂಪ್ಯೂಟರಿನ ಸುದ್ದಿಯನ್ನಂತೂ ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ. ಮುಂದಿನ ಸಾಲಿನಲ್ಲಿ ಅವರ ಅಣ್ಣ ಕೂತಿದ್ದರು, ಕೊರಳಿಗೆ ಬಿಳಿ ವಸ್ತ್ರ ಸುತ್ತಿಕೊಂಡು. ನಾಲ್ಕು ಮಾತಾಡಿರೆಂದು ಅವರನ್ನು ಯಾರೂ ಕೇಳಲಿಲ್ಲ, ಕೇಳುವಂತೆಯೂ ಇರಲಿಲ್ಲ. ಅದು ಯಾಕೆಂದು ಹೇಳಿದರೆ ಮಾಸ್ತರರ ಬಗ್ಗೆ ಹೇಳಿದಂತೆಯೇ ಆಗುತ್ತದೆ.

ಅವರದು ಕುರಿಗಾರರ ಮನೆತನ. ತಂದೆ ಬೇಗ ಹೋದರು. ಉಳಿದವರು ಇಬ್ಬರು ಅಣ್ಣತಮ್ಮಂದಿರು ಮತ್ತು ಒಂದು ಹಿಂಡು. ಒಬ್ಬ ಹಿಂಡಿನ ಹಿಂದೆ ಹೋದರೆ ಇನ್ನೊಬ್ಬ ಶಾಲೆಗೆ ಹೋಗಬಹುದು. ಅಣ್ಣ ಬಡಿಗೆ ಎತ್ತಿಕೊಂಡು ಹೊರಟ, ಚರ್ಚೆ ಮುಗಿಯಿತು. ಮಾಸ್ತರರು ಇದನ್ನು ಎಂದೂ ತ್ಯಾಗವೆಂದು ಕರೆಯಲಿಲ್ಲ. ಕೈಯ ಖಡುವಿನ, ಅಂದರೆ ಸೀಮೆಸುಣ್ಣದ, ಪುಡಿ ಝಾಡಿಸುತ್ತ, "ಅಂವ ಬಡಗಿ ಹಿಡದ, ನಾ ಖಡು ಹಿಡದೆ. ಇಬ್ಬರದೂ ಕಾಯೂ ಕೆಲಸನ. ಅವನ್ವು ಹೇಳಿದ ಮಾತ ಕೇಳ್ತಾವ, ಇಷ್ಟ ಫರಕ" ಎನ್ನುತ್ತಿದ್ದರು. ಅಣ್ಣನಿಗೆ ಮಕ್ಕಳಿರಲಿಲ್ಲ, ಹೆಂಡತಿ ತೀರಿದ್ದಳು. ಹಿಂಡೇ ಅವರ ಸಂಸಾರ.

ಅಣ್ಣ ಕುರಿ ಕಾಯ್ದರೂ ಕುರಿಗಾರಿಕೆ ತಮ್ಮನ ಮೈಯಲ್ಲಿಯೇ ಹೆಚ್ಚು ಉಳಿದಿತ್ತು. ಪ್ರಾರ್ಥನೆ ಮುಗಿದ ಮೇಲೆ ಹುಡುಗರನ್ನು ಬಾಗಿಲಲ್ಲಿ ಎರಡೆರಡಾಗಿ ಒಳಗೆ ಬಿಡುತ್ತಿದ್ದರು. ಬಲಗೈ ಮೊಳಕಾಲಿನ ಮಟ್ಟಕ್ಕೆ ಇಳಿದು ಪ್ರತಿ ಜೋಡಿಗೂ ಒಮ್ಮೆ ಗಾಳಿಯನ್ನು ತಟ್ಟುತ್ತಿತ್ತು. ಹತ್ತನೆಯ ತರಗತಿಯ ಕೆಲವು ಹುಡುಗರು ಅವರಿಗಿಂತ ಎತ್ತರವಾಗಿದ್ದರು. ಕೈ ಮಾತ್ರ ಮೊಳಕಾಲು ಬಿಟ್ಟು ಮೇಲೇರಲಿಲ್ಲ. ಮದುವೆಯ ಪಂಕ್ತಿಯಲ್ಲಿ ಕೂತಾಗಲೂ ಆ ಕೈ ಎಲೆಯ ಪಕ್ಕದಲ್ಲಿ ಸಣ್ಣಗೆ ಆಡುತ್ತಿರುವುದನ್ನು ಕಂಡಿದ್ದೇನೆ. ಬೀಗರ ಹೆಸರು ಅವರಿಗೆ ನೆನಪಿರುತ್ತಿರಲಿಲ್ಲ. ಎಷ್ಟು ಮಂದಿ ಉಂಡರೆಂಬುದು ನೆನಪಿರುತ್ತಿತ್ತು.

ಝೆರಾಕ್ಸ್ ಕಾಗದಗಳೆಂದರೆ ಅವರಿಗೆ ಗಾಢವಾದ ಸಂಶಯ. ಎರಡು ಕಾಗದ ಒಂದೇ ತರಹ ಕಂಡರೆ ಯಾವುದು ಮನೆಯದು, ಯಾವುದು ಹೊರಗಿನದು ಎಂದು ತಿಳಿಯಬೇಕಲ್ಲ. ಆದ್ದರಿಂದ ಝೆರಾಕ್ಸ್ ಕೈಗೆ ಬಂದ ಕೂಡಲೇ ಕತ್ತರಿಯಿಂದ ಅದರ ಮೇಲಿನ ಮೂಲೆಯನ್ನು ಚೂರು ಕತ್ತರಿಸುತ್ತಿದ್ದರು, ಕುರಿಯ ಕಿವಿಗೆ ಗುರುತು ಹಾಕಿದ ಹಾಗೆ. ತಾಲೂಕಿನ ಕಚೇರಿಯ ಕಾರಕೂನರೊಬ್ಬರು ಒಮ್ಮೆ ಆ ಕಾಗದಗಳನ್ನು ಎತ್ತಿ ಹಿಡಿದು, "ಏನ್ರಿ ಸರ, ಇಲಿ ತಿಂದಾವೇನ್ರಿ?" ಎಂದರಂತೆ.

"ಇಲಿ ಇಷ್ಟ ನೀಟಾಗಿ ತಿಂತಾವೇನ್ರಿ? ಅದು ಗುರುತು. ನಿಮ್ಮ ಕಾಗದದಾಗ ಕೂಡಿ ಹೋದ್ರೂ ನನ್ನವು ನನಗ ಸಿಗ್ತಾವ."

ಕಾರಕೂನರು ಎಲ್ಲವನ್ನೂ ಮತ್ತೊಮ್ಮೆ ತೆಗೆಸಿಕೊಂಡು ಬರಲು ಹೇಳಿದರು. ಮಾಸ್ತರರು ತಂದರು, ಗುರುತು ಹಾಕಿಯೇ ತಂದರು.

ಇಂಥವರಿದ್ದ ಶಾಲೆಗೆ ಸರಕಾರ ಕಂಪ್ಯೂಟರ್ ಕಳಿಸಿತು. ಅದರ ಹಿಂದೆಯೇ ಅದನ್ನು ಕಲಿಸಲು ಜತ್ತದಿಂದ ಬಾಯಾರೊಬ್ಬರು ಬಂದರು. ನಮ್ಮಲ್ಲಿ ಶಿಕ್ಷಕಿಯರಿಗೆ ಬಾಯಾರೆನ್ನುವುದು ವಾಡಿಕೆ. ವಯಸ್ಸಿನಲ್ಲಿ ಮಾಸ್ತರರ ಮಗಳಂತಿದ್ದರು, ತಾಳ್ಮೆಯಲ್ಲಿ ಅಜ್ಜಿಯಂತಿದ್ದರು. ಒಂದು ದಿನ ಮಾಸ್ತರರು ಚಾಚಣಿ ಪರೀಕ್ಷೆಯ ಅಂಕಗಳನ್ನು ಪೆನ್ ಡ್ರೈವಿಗೆ ಹಾಕಿಕೊಂಡು, ಅದನ್ನು ಅಂಗಿಯ ಒಳಕಿಸೆಯಲ್ಲಿ ಇಟ್ಟು, ಮೇಲಿನಿಂದ ಕೈ ಒತ್ತಿಕೊಂಡೇ ಬಸ್ಸಿನಲ್ಲಿ ಜತ್ತದವರೆಗೆ ಹೋದರು. ಅಲ್ಲಿ ಅದನ್ನು ತೆರೆದರೆ ಒಳಗೆ ಏನೂ ಇಲ್ಲ. ಮರಳಿ ಬಂದ ಮೇಲೆ ಬಾಯಾರು ನೋಡಿದರು. ಪೇಸ್ಟ್ ಒತ್ತುವಲ್ಲಿ ಮಾಸ್ತರರು ಪೇಸ್ಟ್ ಶಾರ್ಟ್‌ಕಟ್ ಒತ್ತಿದ್ದರು.

"ಅಹೋ ಸರ, ನೀವು ಫೈಲ್ ಒಯ್ದಿಲ್ಲ, ಫೈಲಿಗೆ ದಾರಿ ತೋರ್ಸೂ ಬೋರ್ಡ್ ಒಯ್ದೀರಿ. ರೋಡಿನ ಮ್ಯಾಲೆ ಗುಡ್ಡಾಪುರ ಅಂತ ಬೋರ್ಡ್ ಇರ್ತದ ನೋಡ್ರಿ, ಹಂಗ. ಬೋರ್ಡ್ ಅಂದ್ರ ದಾನಮ್ಮನ ಗುಡಿ ಅಲ್ಲ."

"ಅಂದ್ರ ನಾ ಅಲ್ಲೀ ತನಕ ಹೋಗಿ ಬೋರ್ಡಿಗೆ ಕಾಯಿ ಒಡದ ಬಂದೆ ಅನ್ನರಿ."

"ಹಂಗ ಆತ್ರಿ."

ಬಾಯಾರು ಅವರನ್ನು ಪಕ್ಕದಲ್ಲಿ ಕೂಡಿಸಿಕೊಂಡು ಮೊದಲಿನಿಂದ ಹೇಳಿದರು. ಕಾಪಿ ಮಾಡಿ ಪೇಸ್ಟ್ ಮಾಡಿದರೆ ಫೈಲು ಇಲ್ಲಿಯೂ ಇರುತ್ತದೆ, ಅಲ್ಲಿಯೂ ಇರುತ್ತದೆ. ಕಟ್ ಮಾಡಿ ಪೇಸ್ಟ್ ಮಾಡಿದರೆ ಇಲ್ಲಿಂದ ಎದ್ದು ಅಲ್ಲಿ ಹೋಗಿ ಕೂಡುತ್ತದೆ. ಕಾಪಿ ಮಾಡುವುದೇ ಚಲೋ.

"ಒಂದ ಕುರಿ ಎರಡ ಹಟ್ಟ್ಯಾಗ ಹ್ಯಾಂಗ ಇರ್ತದ್ರಿ, ಬಾಯಾರ?"

"ಇದು ಕುರಿ ಅಲ್ರಿ ಸರ, ಫೈಲು."

"ಫೈಲರ ಆಗ್ಲಿ. ಎರಡೂ ಕಡೆ ಐತಿ ಅಂದ್ರ ಎಣಿಕಿ ತಪ್ಪೇತಿ, ಇಲ್ಲಾ ಯಾರೋ ಕಳುವು ಮಾಡ್ಯಾರ."

ಅಂದಿನಿಂದ ಅವರು ಕಟ್‌ಗೆ ನಿಷ್ಠರಾದರು. ಶಾರ್ಟ್‌ಕಟ್ ಕೊಟ್ಟ ಪೆಟ್ಟು ಅವರ ನಂಬಿಕೆಯನ್ನು ಅಲ್ಲಾಡಿಸಿತ್ತು. ಕಾಪಿ ಮಾಡಿದರೆ ಹೋಯಿತೋ ಇಲ್ಲವೋ ಹೇಗೆ ತಿಳಿಯಬೇಕು? ಈ ಕಡೆ ಎಲ್ಲ ಇದ್ದ ಹಾಗೆಯೇ ಕಾಣುತ್ತದೆ. ಕಟ್ ಮಾಡಿದರೆ ಹಾಗಲ್ಲ. ಹಟ್ಟಿ ಎತ್ತಿ ಹೊಸ ಹೊಲಕ್ಕೆ ಹೋದ ಮೇಲೆ ಹಳೆಯ ಜಾಗಕ್ಕೆ ಬಂದು ಒಂದು ಸುತ್ತು ಹಾಕಿ ನೋಡುವುದು ಕುರಿಗಾರರ ಪದ್ಧತಿ. ಅಲ್ಲಿ ಹಿಕ್ಕೆ ಬಿಟ್ಟರೆ ಬೇರೇನೂ ಉಳಿದಿರಬಾರದು. ಮಾಸ್ತರರೂ ಪೇಸ್ಟ್ ಮಾಡಿದ ಮೇಲೆ ಹಳೆಯ ಫೋಲ್ಡರಿಗೆ ಹೋಗಿ, ಅದು ಖಾಲಿಯಾಗಿದ್ದನ್ನು ಕಣ್ಣು ತುಂಬ ನೋಡಿ, ನಿಟ್ಟುಸಿರು ಬಿಟ್ಟು ಏಳುತ್ತಿದ್ದರು. ಫೋನಿನಲ್ಲಿ ತೆಗೆದದ್ದನ್ನೆಲ್ಲ ಪ್ರತಿ ಶನಿವಾರ, ಅರ್ಧ ದಿನದ ಶಾಲೆ ಬಿಟ್ಟ ಮೇಲೆ, ಹೀಗೆ ಕಂಪ್ಯೂಟರಿಗೆ ಎಬ್ಬಿಸಿಕೊಂಡು ಹೋಗುತ್ತಿದ್ದರು. ಫೋನು ಖಾಲಿಯಾಗುತ್ತಿತ್ತು, ಅವರು ಹಗುರಾಗುತ್ತಿದ್ದರು.

ಬಾಯಾರು ಇನ್ನೊಂದನ್ನೂ ಕಲಿಸಿದ್ದರು. ಒಂದೇ ಹೆಸರಿನ ಎರಡು ಫೈಲು ಒಂದೇ ಜಾಗದಲ್ಲಿ ಎದುರಾದರೆ ಕಂಪ್ಯೂಟರ್ ತಡೆದು ಕೇಳುತ್ತದೆ: ಹಳೆಯದನ್ನು ತೆಗೆದು ಹೊಸದನ್ನು ಇಡಲೋ, ಹೊಸದನ್ನು ಬಿಡಲೋ, ಎರಡನ್ನೂ ಇಟ್ಟುಕೊಳ್ಳಲೋ ಎಂದು. "ತಿಳೀಲಿಲ್ಲಂದ್ರ ಕೀಪ್ ಬೋತ್ ಒತ್ರಿ ಸರ, ಏನೂ ಹಾಳಾಗಂಗಿಲ್ಲ."

"ಎರಡೂ ಇಟ್ಟಕೊಂಡ್ರ ಜಗಳ ಇಟ್ಟಕೊಂಡಂಗ" ಎಂದು ಮಾಸ್ತರರು ತೀರ್ಪು ಕೊಟ್ಟರು. ಹಳ್ಳದ ನೀರಿನ ಹತ್ತಿರ ಎರಡು ಹಿಂಡು ಕೂಡಿ, ಒಂದೇ ಗುರುತಿನ ಎರಡು ಕುರಿ ಬಂದರೆ, ಕೈಯಲ್ಲಿ ಹಿಡಿದದ್ದು ನಮ್ಮದು, ದೂರ ನಿಂತದ್ದು ಅವರದು. ಇದು ಅವರ ಹಿರಿಯರು ಮಾಡಿಟ್ಟ ಕಾಯಿದೆ. ಇದರಿಂದ ಎಷ್ಟೋ ತಲೆಗಳು ಒಡೆಯುವುದು ತಪ್ಪಿದೆಯಂತೆ.

ಹೀಗಿರುವಾಗ ಅಣ್ಣನ ಗಂಟಲು ಕೆಟ್ಟಿತು. ಮೊದಲು ಧೂಳು ಎಂದರು, ಆಮೇಲೆ ತಂಬಾಕು ಎಂದರು. ಕೊನೆಗೆ ಮಿರಜಿನ ಡಾಕ್ಟರರು ಅದರ ನಿಜವಾದ ಹೆಸರು ಹೇಳಿದರು. ದನಿಪೆಟ್ಟಿಗೆಯನ್ನು ತೆಗೆಯಬೇಕು, ತೆಗೆದರೆ ಜೀವ ಉಳಿಯುತ್ತದೆ. ಉಸಿರು ಮಾತ್ರ ಇನ್ನು ಮೇಲೆ ಕೊರಳಿನ ತೂತಿನಿಂದ ಆಡುತ್ತದೆ. ಮಾತೂ ಬರುವುದಿಲ್ಲ, ಸೀಟಿ ಹೊಡೆಯುವುದೂ ಆಗುವುದಿಲ್ಲ.

ಅಣ್ಣ ಆಪರೇಷನ್ ಬೇಡವೆಂದರು. "ನಾ ಮಾತಾಡಲಿಲ್ಲಂದ್ರ ಊರಿಗೇನೂ ಲುಕ್ಸಾನ ಇಲ್ಲ. ಕುರಿ ಕರೀಲಾಕ ಬರದಾಂವ ಉಳದ ಏನ್ ಮಾಡಾಂವ?"

ಇದು ಸುಮ್ಮನೆ ಆಡಿದ ಮಾತಲ್ಲ. ಆ ಹಿಂಡಿಗೆ ನಾಯಿ ಇರಲಿಲ್ಲ, ಬೇಲಿ ಇರಲಿಲ್ಲ. ಅಣ್ಣನ ದನಿಯೇ ಬೇಲಿ. ನೀರಿಗೆ ಒಂದು ಕೂಗು, ಹಟ್ಟಿಗೆ ಒಂದು, ನಿಲ್ಲಲು ಒಂದು, ತಿರುಗಲು ಒಂದು, ಮರಿಗಳನ್ನು ತಾಯಿಗೆ ಕೂಡಿಸಲು ಇನ್ನೊಂದು. ಮಾಸ್ತರರು ಆಸ್ಪತ್ರೆಯ ಕಟ್ಟೆಯ ಮೇಲೆ ಕೂತು, ಅಣ್ಣನ ಕೈ ಹಿಡಿದು ಹೇಳಿದರು: "ನಿನ್ನ ದನಿ ನಾ ಇಟ್ಟಕೋತೀನಿ. ಒಂದ ಕೂಗೂ ಕಡಿಮಿ ಆಗಲಾರದಂಗ ಇಟ್ಟಕೋತೀನಿ. ನೀ ಬರೇ ಬಟನ್ ಒತ್ತು." ಆ ಮಾತಿನ ಮೇಲೆ ಅಣ್ಣ ಒಪ್ಪಿದರು. ಆ ಒಂದೇ ಮಾತಿನ ಮೇಲೆ.

ಮಾಸ್ತರರು ರಜೆ ಹಾಕಿ ಫೋನು ಹಿಡಿದು ಕುರಿ ಮೇಯುವ ಮಾಳಕ್ಕೆ ಹೋದರು. ಕುರಿಗಳ ಕಿವಿಗೆ ಬೀಳದ ಕಡೆ ಕೂತು ಕೂಗನ್ನು ಹಿಡಿದುಕೊಳ್ಳುವ ಯೋಜನೆ. ಅದು ಆಗಲಿಲ್ಲ. ಕಣ್ಣ ಮುಂದೆ ಕುರಿ ಇಲ್ಲದೆ ಅಣ್ಣನ ಗಂಟಲಿನಿಂದ ಕೂಗೇ ಹೊರಡಲೊಲ್ಲದು. "ಬಯಲಿಗೆ ಏನಂತ ಒದರ್ಲೋ? ಹುಚ್ಚ ಅಂತಾರ." ಹಿಂಡಿನ ನಡುವೆಯೇ ನಿಂತು ಕೂಗಿದರು. ಕೂಗಿದಾಗಲೆಲ್ಲ ಕುರಿಗಳು ಬಂದವು. ನೀರಿಗೆ ಕರೆದು ನೀರು ಕುಡಿಸದೆ ಕಳಿಸುವುದು ಅಣ್ಣನಿಗೆ ಸಮ್ಮತವಲ್ಲ. ಆದ್ದರಿಂದ ಪ್ರತಿ ಕೂಗಿಗೂ ಹಿಂಡನ್ನು ಹಳ್ಳಕ್ಕೆ ಒಯ್ಯುವುದು, ಹಟ್ಟಿಗೆ ತರುವುದು, ಮತ್ತೆ ಬಿಡುವುದು. ಒಂದಿಡೀ ದಿನ ಕುರಿಗಳು ಏನೂ ತಿಳಿಯದೆ ವಿಧೇಯವಾಗಿ ನಡೆದಾಡಿದವು. ಐದೂ ಕೂಗು ಬಂದವು. ಮಾಸ್ತರರು ಅವಕ್ಕೆ ನೀರು, ಹಟ್ಟಿ, ನಿಲ್ಲು, ತಿರುಗು, ಮರಿ ಎಂದು ಹೆಸರಿಟ್ಟು, ಶನಿವಾರ ಫೋನಿನಿಂದ ಕಟ್ ಮಾಡಿ ಶಾಲೆಯ ಕಂಪ್ಯೂಟರಿನ ಒಂದು ಫೋಲ್ಡರಿಗೆ ಸೇರಿಸಿದರು. ಫೋಲ್ಡರಿನ ಹೆಸರು ಅಣ್ಣ. ಫೋನು ಖಾಲಿಯಾದದ್ದನ್ನು ನೋಡಿ ನಿಟ್ಟುಸಿರು ಬಿಟ್ಟರು.

ಅಣ್ಣ ಮಿರಜಿನಲ್ಲಿ ಮಲಗಿದ್ದಷ್ಟು ದಿನ ಮಾಸ್ತರರೇ ಹಿಂಡು ನೋಡಿಕೊಂಡರು. ಅವರು ಎದುರಿಗೆ ಇದ್ದಾರೆಂದು ಕುರಿಗಳು ಗಮನಿಸಿದಂತೆ ಕಾಣಲಿಲ್ಲ. ಅಣ್ಣನ ಕೂಗನ್ನು ತಾವೂ ಕಲಿಯಬೇಕೆಂದು ಹಟ ಹುಟ್ಟಿತು. ತಮ್ಮ ದನಿ ಎಲ್ಲಿ ತಪ್ಪುತ್ತದೆಂದು ತಿಳಿಯಲು ಐದೂ ಕೂಗನ್ನು ತಾವೇ ಕೂಗಿ ಫೋನಿನಲ್ಲಿ ಹಿಡಿದರು. ಗಣಿತದವರಾದ್ದರಿಂದ ಹೆಸರಿನಲ್ಲಿಯೂ ಶಿಸ್ತು: ನೀರಿಗೆ ನೀರು, ಹಟ್ಟಿಗೆ ಹಟ್ಟಿ. ಮುಂದೆ ಕುರಿ ಓಡಿದವು, ಜೋಳದ ಹೊಲದವರ ಜೊತೆ ಜಗಳವಾಯಿತು, ಮಿರಜಿಗೆ ಎರಡು ಸಲ ಹೋಗಿಬಂದರು. ಫೋನಿನಲ್ಲಿ ಏನಿದೆ ಎಂಬುದು ಮರೆತುಹೋಯಿತು.

ಶನಿವಾರ ಬಂತು. ಬಾಯಾರು ತರಬೇತಿಗೆಂದು ಜತ್ತಕ್ಕೆ ಹೋಗಿದ್ದರು. ಮಾಸ್ತರರು ರೂಢಿಯಂತೆ ಫೋನಿನಲ್ಲಿದ್ದುದನ್ನೆಲ್ಲ ಕಟ್ ಮಾಡಿ, ಕಳೆದ ಸಲ ತೆರೆದಿದ್ದ ಅಣ್ಣ ಎಂಬ ಫೋಲ್ಡರಿನಲ್ಲಿಯೇ ಪೇಸ್ಟ್ ಮಾಡಿದರು. ಕಂಪ್ಯೂಟರ್ ತಡೆಯಿತು: ಇದೇ ಹೆಸರಿನ ಐದು ಫೈಲು ಇಲ್ಲಿ ಮೊದಲೇ ಇವೆ. ಫೋನು ಖಾಲಿಯಾದದ್ದನ್ನು ಕಣ್ಣಾರೆ ನೋಡಿದ್ದರೂ ಮಾಸ್ತರರಿಗೆ ಹಿಂದಿನ ಸಲದ ಸಾಗಣೆಯೇ ಅರ್ಧಕ್ಕೆ ನಿಂತಿತ್ತು, ಅವೇ ಐದು ಫೋನಿನಲ್ಲಿ ಹಿಂದುಳಿದಿದ್ದವು ಅನ್ನಿಸಿತು. ಒಂದೇ ಗುರುತಿನವು, ಎರಡು ಕಡೆ. ಕೈಯಲ್ಲಿ ಹಿಡಿದದ್ದು ನಮ್ಮದು. ರಿಪ್ಲೇಸ್ ಒತ್ತಿದರು. ಮೊದಲು ಐದು ಕೂಗಿದ್ದವು, ಈಗಲೂ ಐದು, ಎಣಿಕೆ ಸರಿ.

ಅಣ್ಣ ಮನೆಗೆ ಬಂದರು. ತರಕಾರಿ ಗಾಡಿಯವರು ದರ ಕೂಗಿಸಲು ಇಟ್ಟುಕೊಳ್ಳುವಂಥ ಒಂದು ಸ್ಪೀಕರ್ ಡಬ್ಬಿಯನ್ನು ಮಾಸ್ತರರು ತಂದು, ಐದೂ ಕೂಗನ್ನು ಅದರ ಕಾರ್ಡಿಗೆ ದಾಟಿಸಿ, ಅಣ್ಣನ ಕೊರಳಿಗೆ ಹಾಕಿದರು. ತಾವು ಒಮ್ಮೆಯೂ ಕೇಳಿ ನೋಡಿರಲಿಲ್ಲ. ಮೊದಲು ಒತ್ತುವವನು ಅಣ್ಣನೇ ಆಗಬೇಕೆಂದು ಆಸೆ. ಬಾಯಾರೂ ನಾನೂ ನೋಡಲು ಮಾಳಕ್ಕೆ ಹೋಗಿದ್ದೆವು. ಅಣ್ಣ ಸೊರಗಿದ್ದರು, ಆದರೆ ಮದುಮಗನ ಹಾಗೆ ನಿಂತಿದ್ದರು. ಬಟನ್ ಒತ್ತಿದರು.

ಹೊರಗೆ ಬಂದದ್ದು ಏಳನೆಯ ತರಗತಿಯಲ್ಲಿ ಮಗ್ಗಿ ಹೇಳಿಸುವ ದನಿ. ಕುರಿಗಳು ಮೇಯುತ್ತಲೇ ಇದ್ದವು.

ಮಾಸ್ತರರಿಗೆ ತಮ್ಮ ದನಿಯ ಗುರುತು ತಮಗೇ ಹತ್ತಲಿಲ್ಲ. ಡಬ್ಬಿ ಕೆಟ್ಟಿದೆಯೆಂದು ಅದನ್ನು ಹಿಡಿದು ಬಡಿದರು. ಅಣ್ಣನಿಗೆ ಒಮ್ಮೆಗೇ ಹತ್ತಿತು. ಬೆರಳು ಎತ್ತಿ ತಮ್ಮನನ್ನು ತೋರಿಸಿದರು. ಎರಡನೆಯದನ್ನು ಒತ್ತಿದರು, ಮೂರನೆಯದನ್ನು ಒತ್ತಿದರು. ಆಮೇಲೆ ಅವರ ಹೆಗಲು ಕುಲುಕತೊಡಗಿದವು. ಮಾಸ್ತರರು ಮುಂದೆ ಎಷ್ಟೋ ಸಲ ನನ್ನನ್ನು ಕೇಳಿದ್ದಾರೆ: "ಅವತ್ತು ಅಂವ ನಗಾಕತ್ತಿದ್ನೋ ಅಳಾಕತ್ತಿದ್ನೋ, ನಿಮಗರ ತಿಳದಿತ್ತೇನ್ರಿ? ದನಿ ಇರಲಿಲ್ಲಲ್ಲ, ನನಗ ತಿಳೀಲಿಲ್ಲ."

ಆ ಸಂಜೆಯೇ ಶಾಲೆಯ ಬೀಗ ತೆಗೆಸಿ ಬಾಯಾರು ಕಂಪ್ಯೂಟರಿನ ಮುಂದೆ ಕೂತರು. ರಿಸೈಕಲ್ ಬಿನ್ ನೋಡಿದರು, ತಮಗೆ ಗೊತ್ತಿದ್ದ ಉಪಾಯಗಳನ್ನೆಲ್ಲ ಮಾಡಿದರು.

"ಡಿಲೀಟ್ ಆಗಿದ್ರ ಹುಡುಕಿ ತೆಗೀಬಹುದಿತ್ರಿ. ಇದು ಬರದ ಪಾಟೀ ಮ್ಯಾಲೆ ಮತ್ತ ಬರದಂಗ ಆಗ್ಯದ. ಫೋನಿನ್ಯಾಗ ಇರಬೇಕಲ್ಲ?"

"ಅಲ್ಲಿಂದ ಕಟ್ ಮಾಡೀನಿ."

ಬಾಯಾರು ಮೌಸಿನ ಮೇಲಿನ ಕೈ ತೆಗೆದರು. "ಕಾಪಿ ಮಾಡಿದ್ರ ಏನ್ ಹೋಗ್ತಿತ್ರಿ, ಸರ?"

"ಏನೂ ಹೋಗ್ತಿರಲಿಲ್ಲ" ಎಂದರು ಮಾಸ್ತರರು. "ಅದಕ್ಕ ಮಾಡಲಿಲ್ಲ."

ಮಾಸ್ತರರು ಸಾಂಗಲಿಯ ರಿಪೇರಿ ಅಂಗಡಿಯೊಂದಕ್ಕೆ ಕಂಪ್ಯೂಟರಿನ ಡಬ್ಬವನ್ನೇ ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಹೋದರು. ಅಂಗಡಿಯವರು ಎರಡು ದಿನ ಇಟ್ಟುಕೊಂಡು ಮರಳಿಸಿದರು. ಕೂಗುಗಳು ಸಿಗಲಿಲ್ಲ. ಬಾಯಾರಿಗೆ ಆ ಫೋಲ್ಡರಿನಲ್ಲಿಯೇ ಇನ್ನೊಂದು ಫೈಲು ಕಂಡಿತ್ತು, ಹೆಸರಿಡದೆ ಬಿಟ್ಟದ್ದು, ಹೆಸರಿಲ್ಲದ್ದರಿಂದಲೇ ಉಳಿದಿತ್ತು. ಮಾಳದಲ್ಲಿ ಆ ದಿನ ಮೊದಲ ಸಲ ಫೋನು ಒತ್ತಿದಾಗ ಹಿಡಿದುಕೊಂಡದ್ದು. ಅದರಲ್ಲಿ ಒಂದು ಕೆಮ್ಮು, ಆಮೇಲೆ ಅಣ್ಣನ ದನಿ: "ಚಾಲೂ ಆತೇನಲೇ? ಎಲ್ಲೆ ನೋಡಬೇಕ ನಾ? ಕುರಿ ಕಡೆ ನೋಡ್ಲೋ ನಿನ್ನ ಕಡೆ ನೋಡ್ಲೋ?" ಅಷ್ಟೇ.

ಮಾಸ್ತರರು ಅದನ್ನೇ ಡಬ್ಬಿಗೆ ಹಾಕಿಕೊಂಡು ಮಾಳಕ್ಕೆ ಹೋಗಿ ಒತ್ತಿದರು. ಕುರಿಗಳು ತಲೆ ಎತ್ತಿದವು. ಎಲ್ಲವೂ, ಒಮ್ಮೆಲೇ. ಒಂದು ಹಳೆಯ ಕುರಿ ನಾಲ್ಕು ಹೆಜ್ಜೆ ಮುಂದೆ ಬಂದು, ಬಾಯೊಳಗಿನ ಹುಲ್ಲು ಅಗಿಯದೆ ನಿಂತು ಕಾಯಿತು. ದನಿ ಅಣ್ಣನದೇ, ಆದರೆ ಅದರಲ್ಲಿ ಕರೆ ಇಲ್ಲ. ಮತ್ತೆ ಒತ್ತಿದರು, ಮತ್ತೆ ಒತ್ತಿದರು. ಸಂಜೆಯ ಹೊತ್ತಿಗೆ ಅವು ತಲೆ ಎತ್ತುವುದನ್ನೂ ಬಿಟ್ಟವು.

ಆಮೇಲಿನ ಮಾಸ್ತರರನ್ನು ನೆನೆಸಿಕೊಳ್ಳುವುದು ಕಷ್ಟ. ಬೆಳಿಗ್ಗೆ ಶಾಲೆಗಿಂತ ಮೊದಲು ಮಾಳಕ್ಕೆ ಹೋಗಿ ಕೂಗುತ್ತಿದ್ದರು, ಶಾಲೆ ಬಿಟ್ಟ ಮೇಲೆ ಮತ್ತೆ ಹೋಗಿ ಕೂಗುತ್ತಿದ್ದರು. ಅಣ್ಣ ಎದುರಿಗೆ ಕಲ್ಲಿನ ಮೇಲೆ ಕೂತು, ಕೈಯಿಂದ ಇನ್ನಷ್ಟು ಎತ್ತರಿಸು, ಇಲ್ಲಿ ಎಳೆ, ಅಲ್ಲಿ ಕಡಿ ಎಂದು ತೋರಿಸುತ್ತಿದ್ದರು. ಸಂಗೀತದ ಪಾಠದಂತೆ ಕಾಣುತ್ತಿತ್ತು. ಕೂಗಿ ಕೂಗಿ ಮಾಸ್ತರರ ದನಿಯೂ ಕೂತಿತು. ತರಗತಿಯಲ್ಲಿ ಮಾತಿಲ್ಲದೆ ಹಲಗೆಯ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಿದ್ದರು. ಹುಡುಗರು ಹಿಂದೆಂದೂ ಇಲ್ಲದಷ್ಟು ಶಾಂತವಾಗಿ ಕೂಡುತ್ತಿದ್ದರು. ಹಿಂಡು ಮತ್ತೆ ಮತ್ತೆ ಜೋಳಕ್ಕೆ ನುಗ್ಗಿತು. ಹೊಲದವನೊಬ್ಬ ಶಾಲೆಯ ಬಾಗಿಲಿಗೇ ಬಂದ.

"ಅಲ್ರಿ ಮಾಸ್ತರ, ಇಷ್ಟ ಮಂದಿ ಹುಡುಗರು ನಿಮ್ಮ ಮಾತ ಕೇಳ್ತಾರ, ಕುರಿ ಯಾಕ ಕೇಳಂಗಿಲ್ಲ?"

"ಹುಡುಗರಿಗೆ ಪಾಸಾಗೂದು ಇರ್ತೈತಿ" ಎಂದರು ಮಾಸ್ತರರು, ಇದ್ದಷ್ಟು ದನಿಯಲ್ಲಿ.

ಮಳೆಗಾಲ ಮುಗಿಯುವ ಮುಂದೆ ಅಣ್ಣ ತೀರ್ಮಾನ ಮಾಡಿದರು. ತಮ್ಮನ ಮನೆಗೆ ಬಂದು, ಬಡಿಗೆಯನ್ನು ಬಾಗಿಲ ಸಂದಿಯಲ್ಲಿ ನಿಲ್ಲಿಸಿ, ಹಿಂಡು ಇನ್ನು ಸಾಕು ಎನ್ನುವಂತೆ ಕೈಯನ್ನು ಅಡ್ಡ ಬೀಸಿದರು. ಮಾಸ್ತರರು ಕಾಲು ಹಿಡಿದರು. "ದೀಪಾವಳಿ ತನಕ ತಡಿ. ಕಲೀತೀನಿ. ದೇವರಾಣಿ ಕಲೀತೀನೋ ಅಣ್ಣ." ಅಣ್ಣ ಬಗ್ಗಿ ತಮ್ಮನ ತಲೆಯ ಮೇಲೆ ಕೈಯಿಟ್ಟರು, ಆಮೇಲೆ ಮತ್ತೆ ಅದೇ ರೀತಿ ಕೈ ಬೀಸಿದರು.

ಹಿಂಡನ್ನು ಅಸಂಗಿಯ ಕುರಿಗಾರರೊಬ್ಬರು ಕೊಂಡುಕೊಂಡರು. ದೀಪಾವಳಿಯ ಹೊತ್ತಿಗೆ ಕುರಿಗಳು ಅವರ ದನಿಗೆ ಬರುತ್ತಿದ್ದವು.